ಕೈ ತೊಳೆಯುವಷ್ಟು ಹೊತ್ತು

ಮರ್ಯಾದೆ ಬರಲಿ ಅಂತ ಅಪ್ಪ ಕಾರು ತಂದ. ಅದು ಬಂದ ಮೇಲೆ ಇದ್ದ ಮರ್ಯಾದೆಯೂ ಹೋಯಿತು ಅನ್ನುವುದು ಅವ್ವನ ವಾದ. ಅಜ್ಜಂಪುರದಲ್ಲಿ ರೈಲ್ವೆ ಸ್ಟೇಷನ್ನಿನ ಕಡೆ ಹೋಗುವ ಬೀದಿಯಲ್ಲಿ ನಮ್ಮ ಮನೆಯಿತ್ತು. ಬೀದಿಗೆ ಮುಖ ಮಾಡಿಕೊಂಡು ಅಪ್ಪನ ಹಿಟ್ಟಿನ ಗಿರಣಿ, ಅದರ ಬೆನ್ನಿಗೆ ನಡುಮನೆ, ಅಡುಗೆಮನೆ, ಆಮೇಲೆ ಹಿತ್ತಲು. ಗಿರಣಿಯ ಹಿಟ್ಟು ಮನೆಯೊಳಗಿನ ಎಲ್ಲದರ ಮೇಲೂ ಕೂರುತ್ತಿತ್ತು. ದೇವರ ಪಟಗಳ ಮೇಲೆ, ಅಜ್ಜಿಯ ಎಲೆಅಡಿಕೆ ತಟ್ಟೆಯ ಮೇಲೆ, ನನ್ನ ಜಡೆಯ ಮೇಲೆ. ಸ್ಕೂಲಿನಲ್ಲಿ ನನಗೆ ‘ಮುದುಕಿ’ ಅಂತಲೇ ಹೆಸರು ಬಿದ್ದಿತ್ತು. ಅದನ್ನು ಹೇಗೋ ಸಹಿಸಿಕೊಂಡಿದ್ದೆ. ಕಾರಿನ ಸದ್ದನ್ನು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ.

ಹಳ್ಳ ದಿಣ್ಣೆ ಸಿಕ್ಕ ಕಡೆಯೆಲ್ಲ ಮುಂದಿನ ಚಕ್ರಗಳ ಹತ್ತಿರ ಮೊದಲು ‘ಕುಂಯ್’ ಅಂತ ಒಂದು ನರಳಾಟ, ಅದರ ಹಿಂದೆಯೇ ‘ಕಟಕ್’ ಅಂತ ಒಂದು ಏಟು. ಬುಷ್ ಹೋಗಿತ್ತು. ಚಕ್ರವನ್ನು ಹಿಡಿದುಕೊಳ್ಳುವ ಕಬ್ಬಿಣದ ತೋಳು ಕಾರಿನ ಮೈಗೆ ಸೇರುವ ಕಡೆ ಕೂರುವ ರಬ್ಬರಿನ ದಪ್ಪ ಬಳೆಗೇ ಬುಷ್ ಅನ್ನುವುದು. ಅದು ಗಟ್ಟಿಯಿದ್ದರೆ ರಸ್ತೆಯ ಏಟನ್ನೆಲ್ಲ ತಾನೇ ತಿಂದು ಸುಮ್ಮನಿರುತ್ತದೆ. ಸವೆದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಊರಿಗೆಲ್ಲ ಹೇಳುತ್ತದೆ. ನಮ್ಮ ಕಾರು ಶಿವನಿ ರಸ್ತೆಯಲ್ಲಿರುವಾಗಲೇ ಬೀದಿಯವರಿಗೆ ನಾವು ಬರುವುದು ಗೊತ್ತಾಗುತ್ತಿತ್ತು. ಆ ಸದ್ದನ್ನು ಮುಚ್ಚಲು ಮನೆಯವರೆಲ್ಲ ಒಂದೊಂದು ಉಪಾಯ ಕಲಿತಿದ್ದರು. ಜನರಿರುವ ಜಾಗ ಬಂದರೆ ಅಜ್ಜಿ ಕಿಟಕಿಯಿಂದ ತಲೆ ಹಾಕಿ ಸಿಕ್ಕಸಿಕ್ಕವರನ್ನು ದೊಡ್ಡ ದನಿಯಲ್ಲಿ ಮಾತಾಡಿಸುತ್ತಿದ್ದಳು. ಅವ್ವನಿಗೆ ಕೆಮ್ಮು ಬರುತ್ತಿತ್ತು. ಅಪ್ಪ ಸುಮ್ಮಸುಮ್ಮನೆ ಆಕ್ಸಿಲರೇಟರ್ ಒತ್ತಿ ಎಂಜಿನ್ ಅರಚಿಸುತ್ತಿದ್ದ. ನಾನು ಸೀಟಿನ ಕೆಳಗೆ ಏನೋ ಬಿದ್ದಂತೆ ಬಗ್ಗಿ ಹುಡುಕುತ್ತಿದ್ದೆ.

ಬುಷ್ ಹಾಳಾಗಲು ಅರ್ಧ ಕಾರಣ ಅಜ್ಜಿಯೇ. ಎತ್ತಿನ ಗಾಡಿ ಕಂಡು ಬೆಳೆದ ಮನೆ ಅದು. ಪ್ರಯಾಣಕ್ಕೆ ಮೊದಲು ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚಿ, ಕೈ ಮುಗಿದು, ಆಮೇಲೆ ಹೊರಡುವುದು ಪದ್ಧತಿ. ಎತ್ತು, ಗಾಡಿ ಎರಡೂ ಹೋದರೂ ಅಜ್ಜಿಯ ಕೀಲೆಣ್ಣೆ ಗಡಿಗೆ ಹೋಗಿರಲಿಲ್ಲ. ಗಿರಣಿಯ ಎಂಜಿನ್ನಿಂದ ಇಳಿಸಿದ ಕರಿ ಆಯಿಲ್‌ಗೆ ಸುಟ್ಟ ಹುಲ್ಲಿನ ಬೂದಿ ಕಲಸಿ ಇಟ್ಟುಕೊಂಡು, ಕಾರು ಹೊರಡುವಾಗಲೆಲ್ಲ ಚಕ್ರದ ಹಿಂದೆ ಕೈ ತೂರಿಸಿ ಮೆತ್ತುತ್ತಿದ್ದಳು. ಸದ್ದು ಬಂದ ಕಡೆ ಎಣ್ಣೆ ಅನ್ನುವುದು ಅವಳ ಶಾಸ್ತ್ರ. ರಬ್ಬರಿಗೆ ಆ ಎಣ್ಣೆ ವಿಷ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಚ್ಚಿದಷ್ಟೂ ಅದು ಊದಿಕೊಂಡು ಮೆತ್ತಗಾಯಿತು, ಸದ್ದು ಹೆಚ್ಚಿತು, ಅಜ್ಜಿ ಇನ್ನಷ್ಟು ಹಚ್ಚಿದಳು.

ಕಾರು ಹೆಚ್ಚಾಗಿ ಹೋಗುತ್ತಿದ್ದುದು ಚೌಳಹಿರಿಯೂರಿಗೆ. ಅಪ್ಪನ ಒಬ್ಬಳೇ ತಂಗಿ ಸುನಂದತ್ತೆಯನ್ನು ಅಲ್ಲಿಗೆ ಕೊಟ್ಟಿದ್ದರು. ತೆಂಗಿನ ತೋಟ, ಹೊಲ, ಕೊಟ್ಟಿಗೆ ತುಂಬ ದನ ಇರುವ ದೊಡ್ಡ ಮನೆ. ಮದುವೆಗೆ ಮೊದಲು ನನ್ನ ಜಡೆಯ ಹಿಟ್ಟು ಕೊಡವಿ ತಲೆ ಬಾಚುತ್ತಿದ್ದವಳು ಅವಳೇ. ಹಾಗಾಗಿ ಅಲ್ಲಿಗೆ ಹೋಗುವುದೆಂದರೆ ನನಗೆ ಸದ್ದಿನ ನಾಚಿಕೆಯೂ ಮರೆಯುತ್ತಿತ್ತು. ಕಾರು ಬಾಗಿಲಲ್ಲಿ ನಿಲ್ಲುವ ಹೊತ್ತಿಗೆ ಅತ್ತೆ ಜಗಲಿಯ ಮೇಲೆ ನೀಲಿ ಸೀರೆ ಉಟ್ಟು, ಹೂ ಮುಡಿದು ನಿಂತಿರುತ್ತಿದ್ದಳು. ಓಡಿ ಬಂದು ಎರಡೂ ಕೈಯಲ್ಲಿ ನನ್ನ ಕೆನ್ನೆ ಹಿಡಿಯುತ್ತಿದ್ದಳು. ಆ ಕೈಗಳು ತಣ್ಣಗೆ, ಒದ್ದೆಯಾಗಿ, ಸೋಪಿನ ವಾಸನೆ ಹೊಡೆಯುತ್ತಿದ್ದವು. ಯಾವಾಗ ಹೋದರೂ ಆ ಕೈ ಆರಿರುತ್ತಿರಲಿಲ್ಲ. ಅವಳ ಕೈಯಿರುವುದೇ ಹಾಗೆ ಅಂದುಕೊಂಡಿದ್ದೆ. ವಾಪಸ್ ಬರುವಾಗ ಅಪ್ಪ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ.

“ಸುನಂದ ರಾಣಿ ಇದ್ದಂಗವ್ಳೆ ಕಣವ್ವ. ಕೆಲ್ಸ ಇಲ್ಲ, ಬೊಗಸೆ ಇಲ್ಲ.”

“ಅವ್ಳ ಹಣೇಲಿ ಬರ್ದಿತ್ತು ಬಿಡು,” ಅಂತ ಅಜ್ಜಿ ಸೆರಗಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಅತ್ತೆ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನದು. ಸೀಮಂತ ಮುಗಿದ ಮೇಲೆ ಕರೆದುಕೊಂಡು ಬರಲು ನಾವೆಲ್ಲ ಹೋದೆವು. ಅತ್ತೆಯ ಅತ್ತೆಯನ್ನು ಊರೆಲ್ಲ ದೊಡ್ಡಮ್ಮಾವ್ರು ಅಂತ ಕರೆಯುತ್ತಿತ್ತು. ಆಕೆ ನಮಗೆ ಹೋಳಿಗೆ ಬಡಿಸಿ, ತುಪ್ಪ ಸುರಿದು, ಕೈ ತೊಳೆದ ಮೇಲೆ ಜಗಲಿಗೆ ಬಂದು ಕಾರನ್ನು ಮೇಲಿಂದ ಕೆಳಗೆ ನೋಡಿದರು.

“ಬೀಗ್ರೇ, ತಪ್ಪು ತಿಳ್ಕಬ್ಯಾಡಿ. ನಿಮ್ಮ ಗಾಡಿ ಬರೋದು ಕೆರೆ ಏರಿ ಮ್ಯಾಲೇ ಕೇಳ್ಸುತ್ತೆ. ತುಂಬಿದ ಬಸ್ರೀನ ಇದ್ರಲ್ಲಿ ಕೂರ್ಸಿ ಕಳ್ಸೋಕೆ ನಂಗೆ ಧೈರ್ಯ ಇಲ್ಲ ಕಣ್ರೀ. ಗಾಡಿ ಸರಿ ಮಾಡಿಸ್ಕೊಂಡು ಬನ್ನಿ, ಕಳಿಸ್ಕೊಡ್ತೀನಿ.”

ಅಪ್ಪನ ಕಿವಿ ಕೆಂಪಗಾಯಿತು. ಸುತ್ತ ಕೂತಿದ್ದ ಅವರ ಕಡೆಯ ನೆಂಟರಲ್ಲಿ ಯಾರೋ ಕಿಸಕ್ಕೆಂದರು. ಬಾಗಿಲ ಒಳಗೆ ನಿಂತಿದ್ದ ಅತ್ತೆ ಬ್ಯಾಗನ್ನು ಆಗಲೇ ಕೈಯಲ್ಲಿ ಹಿಡಿದಿದ್ದಳು. ಅದನ್ನು ಸದ್ದಾಗದಂತೆ ಕೆಳಗಿಟ್ಟು ಒಳಗೆ ಹೋದಳು. ನಾವು ಅವಳಿಲ್ಲದೆ ಅಜ್ಜಂಪುರಕ್ಕೆ ವಾಪಸ್ ಬಂದೆವು. ದಾರಿಯುದ್ದಕ್ಕೂ ಕಾರು ಕುಂಯ್ ಕಟಕ್ ಅನ್ನುತ್ತಿತ್ತು. ಆ ದಿನ ಅಜ್ಜಿ ಯಾರನ್ನೂ ಮಾತಾಡಿಸಲಿಲ್ಲ.

ಅವತ್ತು ಊಟಕ್ಕೆ ಕೂತಾಗ ಜಗಳ ಶುರುವಾಯಿತು. ಅವ್ವ ಮುದ್ದೆ ಇಡುತ್ತ ಬಾಡಿಗೆ ಕಾರಿನ ಮಾತೆತ್ತಿದಳು.

“ಕಡೂರಿಂದ ಒಂದ್ ಕಾರ್ ಮಾಡ್ಕೊಂಡೋಗಿ ಕರ್ಕೊಂಡ್ ಬನ್ನಿ. ಇದ್ರಲ್ಲೇ ಬರ್ಬೇಕು ಅಂತ ಏನೈತೆ?”

“ಸ್ವಂತ ಗಾಡಿ ಮನೆ ಮುಂದೆ ನಿಲ್ಸಿ ಬಾಡಿಗೆ ಗಾಡೀಲಿ ಹೋಗ್ಲಾ? ನಕ್ಕಿದ್ದು ಸಾಲ್ದಾ ಅವ್ರು?”

“ಹಂಗಾರೆ ತರೀಕೆರೆ ಗ್ಯಾರೇಜಿಗೆ ಬಿಡಿ.”

“ಅಲ್ಲಿ ನಮ್ ಗಿರಾಕಿಗಳೆಲ್ಲ ಓಡಾಡ್ತಾರೆ. ಬಿಚ್ಚಿ ಬೀದೀಲಿ ಮಲಗಿಸ್ತಾರೆ ಕಣೇ. ನಾನೇ ಮಾಡ್ತೀನಿ. ಗಿರಣಿ ನಡೆಸೋನಿಗೆ ಇದ್ಯಾವ ಬ್ರಹ್ಮವಿದ್ಯೆ?”

ಹೀಗೆ ಕಾರು ಹಿತ್ತಲಿಗೆ ಹೋಯಿತು. ಬೀದಿಗೆ ಕಾಣಬಾರದೆಂದು ಹುಲ್ಲಿನ ಬಣವೆಯ ಮರೆಗೆ ನಿಲ್ಲಿಸಿದರು. ಕಡೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋಗಿ ಅಪ್ಪ ಹೊಸ ಬುಷ್‌ಗಳನ್ನು ತಂದ. ಅಪ್ಪ ಕಿತ್ತು ತಂದಿದ್ದ ಹಳೆಯ ರಬ್ಬರಿನ ಚೂರನ್ನು ಅಂಗಡಿಯವನು ಬೆರಳಲ್ಲಿ ಒತ್ತಿ ನೋಡಿ, ಎಣ್ಣೆ ಬಿಟ್ಟಿದ್ರಾ ಅಂತ ಕೇಳಿದಾಗ ಅಪ್ಪ, “ಇಲ್ಲಪ್ಪ, ನಾವ್ಯಾಕೆ ಬಿಡಾನ,” ಅಂದ. ಮನೆಗೆ ಬಂದವನೇ ಕೀಲೆಣ್ಣೆ ಗಡಿಗೆಯನ್ನು ಅಟ್ಟಕ್ಕೆ ಹಾಕಿದ. ಅಜ್ಜಿ ಮೂತಿ ತಿರುವಿಕೊಂಡು ಇಡೀ ದಿನ ಎಲೆಅಡಿಕೆ ಕುಟ್ಟಿದಳು.

ಜಾಕ್ ಹಾಕಿ ಕಾರಿನ ಮೂತಿ ಎತ್ತಿ, ಕೆಳಗೆ ತೆಂಗಿನ ದಿಮ್ಮಿ ಕೊಟ್ಟು, ಅಪ್ಪ ಚಕ್ರ ಬಿಚ್ಚಿದ. ತೋಳು ಕಳಚಿ ಹೊರಗೆ ತೆಗೆದಾಗ ರಬ್ಬರು ಬಿಸಿಲಿಗಿಟ್ಟ ಬೆಲ್ಲದ ಹಾಗೆ ಬೆರಳಿಗೆ ಅಂಟಿತು. ಆದರೂ ಅದರ ಹೊರಗಿನ ಕಬ್ಬಿಣದ ಕಟ್ಟು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸುತ್ತಿಗೆಯಲ್ಲಿ ಹೊಡೆದರೆ ಬೀದಿಗೆ ಕೇಳುತ್ತದೆ. ಕೊನೆಗೆ ಅಪ್ಪ ಉದ್ದನೆಯ ಬೋಲ್ಟು ತೂರಿಸಿ, ಆ ಕಡೆ ಒಂದು ಪೈಪಿನ ತುಂಡು ಕೊಟ್ಟು, ಈ ಕಡೆಯಿಂದ ನಟ್ಟು ತಿರುಗಿಸಿದ. ಬೋಲ್ಟಿನ ತಲೆ ತಿರುಗದಂತೆ ಸ್ಪ್ಯಾನರ್ ಹಿಡಿದು ಕೂತವಳು ನಾನು. ತಿರುಗಿಸಿದಂತೆಲ್ಲ ಹಳೆಯದು ಪೈಪಿನೊಳಗೆ ಜರುಗಿ ಜರುಗಿ ಬಂತು. ಹೊಸದಕ್ಕೆ ಅವ್ವ ಕೊಟ್ಟ ಸೋಪಿನ ನೀರು ಸವರಿ, ಅದೇ ಬೋಲ್ಟಿನಿಂದ ಒಳಗೆಳೆದ. ಅದು ತನ್ನ ಜಾಗದಲ್ಲಿ ಕೂತಾಗ ಅಪ್ಪನ ಮುಖ ನೋಡಬೇಕಿತ್ತು. ಆ ಕಾರಿನಿಂದಾಗಿ ಅವನ ಮೇಲೆ ನನಗಿದ್ದ ಸಿಟ್ಟು, ಅಸಹ್ಯ ಎಲ್ಲ ಇಳಿದುಹೋಯಿತು. ತೋಳನ್ನು ಕಾರಿಗೆ ಸೇರಿಸಿ, ಚಕ್ರ ಹಾಕಿ, ಕಾರು ಇನ್ನೂ ದಿಮ್ಮಿಯ ಮೇಲಿರುವಾಗಲೇ, ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗಲೇ, ಎರಡೂ ಕೈಯಲ್ಲಿ ಬಲ ಹಾಕಿ ಬೋಲ್ಟುಗಳನ್ನು ಬಿಗಿದ.

ಅದು ತಪ್ಪು. ಕಾರನ್ನು ಕೆಳಗಿಳಿಸಿ, ಅದರ ಭಾರ ಅದರ ಕಾಲ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ ಬಿಗಿಯಬೇಕು. ಇಲ್ಲವಾದರೆ ರಬ್ಬರು ನಿಂತಲ್ಲೇ ತಿರುಚಿಕೊಂಡು ಬೇಗ ಹರಿಯುತ್ತದೆ. ನನಗೆ ಇದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅವತ್ತು ಮಾತ್ರ ಹಿತ್ತಲಿನಿಂದ ಬೀದಿಗೆ ಬಂದ ಕಾರು ಒಂದು ಸೊಲ್ಲೂ ಎತ್ತಲಿಲ್ಲ. ಅವ್ವ ದೃಷ್ಟಿ ತೆಗೆದಳು.

ಮಾರನೆಯ ದಿನ ಅಪ್ಪ, ಅಜ್ಜಿ, ನಾನು ಚೌಳಹಿರಿಯೂರಿಗೆ ಹೊರಟೆವು. ಅಂಥ ಸುಖದ ಪ್ರಯಾಣ ನಾನು ಅದಕ್ಕೆ ಮೊದಲು ಮಾಡಿರಲಿಲ್ಲ. ಕೆರೆ ಏರಿಯ ಮೇಲೆ ಅಪ್ಪ ಬೇಕೆಂದೇ ಗುಂಡಿಗಳ ಮೇಲೆ ಹತ್ತಿಸಿದ. ಕಾರು ತುಟಿಪಿಟಕ್ಕೆನ್ನಲಿಲ್ಲ. ಬಾಗಿಲಿಗೆ ಹೋಗುವ ಮೊದಲು ಧೂಳು ಒರೆಸಿ ಫಳಫಳ ಅನ್ನಿಸಬೇಕೆಂದು ಬೀಗರ ಮನೆಯ ಹಿಂದಿನ ಹುಣಸೆಮರದ ಕೆಳಗೆ ನಿಲ್ಲಿಸಿದ. ಅಜ್ಜಿಗೆ ಜೋಂಪು ಹತ್ತಿತ್ತು. ಹಿತ್ತಲ ಬೇಲಿಯ ಆಚೆ ನೀರಿನ ತೊಟ್ಟಿ ಕಾಣುತ್ತಿತ್ತು. ಒಂದು ಬಕೆಟ್ ನೀರು ಕೇಳೋಣ ಅಂತ ಅಪ್ಪ ನನ್ನ ಕೈ ಹಿಡಿದು ಬೇಲಿಯ ಹತ್ತಿರ ಹೋದ.

ಕೊಟ್ಟಿಗೆಯಿಂದ ಒಬ್ಬ ಹೆಂಗಸು ತಲೆಯ ಮೇಲೆ ಸಗಣಿ ಮಂಕರಿ ಹೊತ್ತು, ಒಂದು ಕೈಯಲ್ಲಿ ಸೊಂಟ ಹಿಡಿದು ತಿಪ್ಪೆಯ ಕಡೆ ಹೋಗುತ್ತಿದ್ದಳು. ಸೀರೆ ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿತ್ತು, ರವಿಕೆಯ ತೋಳು ಹರಿದಿತ್ತು. ಕೆಲಸದವಳು ಅಂದುಕೊಂಡೆ. ಅವಳು ಮಂಕರಿ ಸುರಿದು, ಸುಧಾರಿಸಿಕೊಳ್ಳಲು ತಿಪ್ಪೆಯ ಕಲ್ಲಿಗೆ ಕೈ ಊರಿ ನಿಂತಾಗ ಹೊಟ್ಟೆ ಕಂಡಿತು. ಹಿಂಬಾಗಿಲ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದ ದೊಡ್ಡಮ್ಮಾವ್ರು ತಲೆಯೆತ್ತದೆ ಹೇಳಿದರು.

“ನಿಂತ್ಕಂಡ್ರೆ ಆಗಲ್ಲ ಕಣೇ. ನಿಮ್ಮಣ್ಣ ಬಂದಾಗ ಸೀರೆ ಉಟ್ಕಂಡ್ ಕೂರೋದು ಇದ್ದೇ ಐತಲ್ಲ. ಇನ್ನೂ ಅರ್ಧ ಕೊಟ್ಟಿಗೆ ಐತೆ, ಎತ್ತು.”

ಸುನಂದತ್ತೆ ಮಂಕರಿ ಎತ್ತಿಕೊಂಡು ಒಳಗೆ ಹೋದಳು. ನಮ್ಮ ಕಡೆ ಬೆನ್ನಾಗಿತ್ತು. ಅವಳು ನಮ್ಮನ್ನು ನೋಡಲಿಲ್ಲ.

ನಾನು ಅತ್ತೇ ಅಂತ ಕೂಗುವಷ್ಟರಲ್ಲಿ ಅಪ್ಪ ನನ್ನ ಬಾಯಿ ಮುಚ್ಚಿದ. ಅವನ ಅಂಗೈಯಲ್ಲಿ ಹಿಂದಿನ ದಿನದ ಕಬ್ಬಿಣದ ವಾಸನೆ ಇನ್ನೂ ಇತ್ತು. ಬೇಲಿ ದಾಟಿ ಹೋಗುತ್ತಾನೆ, ಆ ಮಂಕರಿ ಕಿತ್ತು ಎಸೆಯುತ್ತಾನೆ, ದೊಡ್ಡಮ್ಮಾವ್ರನ್ನು ಬೈಯುತ್ತಾನೆ ಅಂತ ಕಾದೆ. ಗಿರಣಿಯಲ್ಲಿ ಗಿರಾಕಿ ಒಂದು ಮಾತು ಹೆಚ್ಚು ಆಡಿದರೂ ಕೂಗಾಡುವ ಮನುಷ್ಯ ಅವನು. ಅಪ್ಪ ನನ್ನನ್ನು ತಿರುಗಿಸಿಕೊಂಡು, ಒಣಗಿದ ಎಲೆ ತುಳಿಯದಂತೆ ನೋಡಿ ನೋಡಿ ಹೆಜ್ಜೆಯಿಡುತ್ತ ಕಾರಿನ ಹತ್ತಿರ ಬಂದ. ಕಾರನ್ನು ಹಿಂದಕ್ಕೆ ತೆಗೆದು ಊರ ಬಾಗಿಲಿನವರೆಗೂ ವಾಪಸ್ ಹೋದ. ಅಲ್ಲಿಂದ ತಿರುಗಿಸಿಕೊಂಡು, ಹಾರ್ನಿನ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ಮದುವೆ ದಿಬ್ಬಣದ ಹಾಗೆ ಹಾರ್ನ್ ಬಾರಿಸುತ್ತ ನಿಧಾನವಾಗಿ, ಎತ್ತಿನ ಗಾಡಿಗಿಂತ ನಿಧಾನವಾಗಿ ಬೀದಿಯಲ್ಲಿ ಬಂದ. ಅಜ್ಜಿ ಎದ್ದು ಕೂತು, “ಯಾಕ್ಲಾ ಹಿಂಗ್ ಬಡ್ಕತಿಯ?” ಅಂತ ಬೈದಳು.

ಜಗಲಿಯ ಮೇಲೆ ಅತ್ತೆ ನೀಲಿ ಸೀರೆ ಉಟ್ಟು ನಿಂತಿದ್ದಳು. ಹೂ ಇರಲಿಲ್ಲ. ಓಡಿ ಬಂದು ಕೆನ್ನೆ ಹಿಡಿದಳು. ಕೈ ಒದ್ದೆಯಾಗಿತ್ತು, ಸೋಪಿನ ವಾಸನೆಯಿತ್ತು. ಮೊಣಕೈಯ ಹಿಂದೆ ಮಾತ್ರ ಹಸಿ ಸಗಣಿ ಒಂದು ಗೆರೆಯಾಗಿ ಉಳಿದಿತ್ತು. ಅಪ್ಪ ಅದನ್ನು ನೋಡಿ ಆಕಾಶ ನೋಡಿದ. ದೊಡ್ಡಮ್ಮಾವ್ರು ನಗುನಗುತ್ತ ಬಂದರು.

“ಏನ್ ಬೀಗ್ರೇ, ಹಾರ್ನ್ ಬಿಟ್ರೆ ಬ್ಯಾರೆ ಸದ್ದೇ ಇಲ್ವಲ್ಲ! ಎಲ್ಲಿ, ಒಂದ್ ಸುತ್ತು ಹೊಡ್ಸಿ ನೋಡಾನ.”

ಅಪ್ಪ ಹೊಡೆಸಿದ. ಆ ಮನೆಯ ಮುಂದೆ, ಅಕ್ಕಪಕ್ಕದವರೆಲ್ಲ ನಿಂತು ನೋಡುತ್ತಿರುವಾಗ, ಸರ್ಕಸ್ಸಿನವನ ಹಾಗೆ ಕಾರನ್ನು ಅತ್ತ ಇತ್ತ ಓಡಿಸಿ, ಚರಂಡಿಯ ಕಲ್ಲಿನ ಮೇಲೆ ಹತ್ತಿಸಿ ಇಳಿಸಿ ತೋರಿಸಿದ. ಕೆಳಗಿಳಿದು ಕೈ ಕಟ್ಟಿಕೊಂಡು, “ಈಗ ಕಳಿಸ್ಕೊಡ್ತೀರೇನಮ್ಮಾ?” ಅಂದ. ನನ್ನ ಅಪ್ಪ ಯಾರ ಮುಂದೆಯೂ ಕೈ ಕಟ್ಟಿದ್ದನ್ನು ನಾನು ಕಂಡಿರಲಿಲ್ಲ. ಸ್ಕೂಲಿನವರೆಲ್ಲ ಸೇರಿ ‘ಮುದುಕಿ’ ಅಂದಾಗಲೂ ಅಷ್ಟು ನಾಚಿಕೆಯಾಗಿರಲಿಲ್ಲ.

ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ದಿಂಬು ಕೊಟ್ಟು ಕೂರಿಸಿಕೊಂಡು ಹೊರಟೆವು. ಬೀಗರು ಕೊಟ್ಟ ತೆಂಗಿನಕಾಯಿ ಮೂಟೆ ಡಿಕ್ಕಿಯಲ್ಲಿತ್ತು. ಕೆರೆ ಏರಿ ದಾಟುವ ಹೊತ್ತಿಗೆ ಅತ್ತೆ ಅಪ್ಪನ ಭುಜ ಮುಟ್ಟಿದಳು.

“ಹಾರ್ನ್ ಹೊಡ್ದಿದ್ದು ಒಳ್ಳೇದಾಯ್ತು ಕಣಣ್ಣ. ಗಾಡಿ ಸದ್ದೇ ಬರ್ಲಿಲ್ಲ. ನೀನು ಬಂದಿದ್ದು ಹೆಂಗ್ ಗೊತ್ತಾಗ್ಬೇಕು?”

ಮುಂದಿನ ಗುಂಡಿಯಲ್ಲಿ ಎಡಗಡೆಯಿಂದ ಸಣ್ಣಗೆ ‘ಕುಂಯ್’ ಅಂತು. ಅದರ ಮುಂದಿನದರಲ್ಲಿ ಇನ್ನೂ ಸ್ವಲ್ಪ ಜೋರಾಗಿ. ಗಾಳಿಯಲ್ಲಿ ಬಿಗಿದ ಬುಷ್ ಭಾರ ಬಿದ್ದು ತಿರುಚಿಕೊಳ್ಳುತ್ತಿತ್ತು. ಅಜ್ಜಿ, “ಕೀಲೆಣ್ಣೆ ಹಚ್ಚಕ್ ಬಿಡ್ಲಿಲ್ವಲ್ಲ, ಅನುಭವ್ಸು,” ಅಂದಳು. ಅತ್ತೆ ನಗುವುದು ಕೇಳಿಸಿತು. ತವರಿನಲ್ಲಿ ಇದ್ದಾಗ ನಗುತ್ತಿದ್ದ ಹಾಗೇ ನಕ್ಕಳು.

“ಅಗೋ, ಬಂತು ನೋಡು ನಮ್ ಗಾಡಿ ಸದ್ದು. ಇದನ್ನ ಸರಿ ಮಾಡಿಸ್ಬೇಡ ಕಣಣ್ಣ. ಇರ್ಲಿ ಬಿಡು.”

“ಯಾಕವ್ವ?” ಅಂದ ಅಪ್ಪ.

“ಸುಮ್ನೆ. ಏರಿ ಮ್ಯಾಲೆ ಕೇಳ್ಸಿದ್ರೆ, ಕೈ ಕಾಲು ತೊಳ್ಕೊಂಡು ಬಾಗ್ಲಿಗೆ ಬರಕ್ಕೆ ಹೊತ್ತು ಸಿಗುತ್ತೆ.”

ಅತ್ತೆಗೆ ನಮ್ಮ ಮನೆಯಲ್ಲಿ ಗಂಡು ಮಗುವಾಯಿತು. ಬಾಣಂತನ ಮುಗಿಯುವವರೆಗೆ ಅವಳು ನಡುಮನೆಯಲ್ಲಿ ಬಿಸಿನೀರು, ಬೆಳ್ಳುಳ್ಳಿ ಸಾರು, ಕೆಂಡದ ಬಟ್ಟಲು ಇವುಗಳ ನಡುವೆ ಮಹಾರಾಣಿಯಂತೆ ಇದ್ದಳು. ಅಪ್ಪ ಏನೂ ಕೇಳಲಿಲ್ಲ. ಕಂಡದ್ದನ್ನು ಅವ್ವನಿಗೂ ಹೇಳಿರಲಿಲ್ಲ, ಅಜ್ಜಿಗೂ ಹೇಳಿರಲಿಲ್ಲ. ನನಗೆ ಮಾತ್ರ ಒಂದು ದಿನ ಗಿರಣಿಯಲ್ಲಿ, ಬೆಲ್ಟು ತಿರುಗುವ ಸದ್ದಿನ ನಡುವೆ, “ಹೆಣ್ಣು ಕೊಟ್ ಮನೆ ಮಗಾ. ಬಾಯಿ ಬಿಟ್ರೆ ಅವ್ಳಿಗೇ ಕಷ್ಟ,” ಅಂದ. ಒಂದು ಒಳ್ಳೆಯ ದಿನ ನೋಡಿ ಮಗುವಿನ ಜೊತೆ ಅವಳನ್ನು ವಾಪಸ್ ಬಿಟ್ಟು ಬಂದ.

ಬುಷ್‌ಗಳು ಹರಿದವು. ಅಪ್ಪ ಕಡೂರಿನಿಂದ ಇನ್ನೊಂದು ಜೊತೆ ತಂದ. ತಂದವನು ಅವನ್ನು ಗಿರಣಿಯ ಗೂಡಿನಲ್ಲಿಟ್ಟು ಹಾಗೇ ಬಿಟ್ಟ. ಅವ್ವ ಹೇಳಿ ಹೇಳಿ ಸೋತಳು. ಮಾಡಾನ, ಮಾಡಾನ ಅಂತಿದ್ದ, ಮಾಡಲಿಲ್ಲ. ಆ ಕಾರು ಇರುವವರೆಗೂ ಕುಂಯ್ ಕಟಕ್ ಅಂತ ಕೆರೆ ಏರಿ ದಾಟುತ್ತಿದ್ದೆವು. ಅಲ್ಲಿ ಅಪ್ಪ ವೇಗ ಇನ್ನಷ್ಟು ಇಳಿಸುತ್ತಿದ್ದ. ಜಗಲಿಯ ಮೇಲೆ ಅತ್ತೆ ನೀಲಿ ಸೀರೆಯಲ್ಲಿ ನಿಂತಿರುತ್ತಿದ್ದಳು. ಕೈ ಒದ್ದೆಯಿರುತ್ತಿತ್ತು. ಹೋಳಿಗೆ ಉಂಡು ಬರುತ್ತಿದ್ದೆವು.

ಅಪ್ಪ ಬುಷ್ ಹಾಕದೆ ಬಿಟ್ಟದ್ದನ್ನು ಅಣ್ಣನ ಪ್ರೀತಿ ಅಂತ ಬಹಳ ಕಾಲ ನಂಬಿಕೊಂಡಿದ್ದೆ. ನೆಂಟರ ನಡುವೆ ಕಣ್ಣು ತುಂಬಿಕೊಂಡು ಹೇಳಿದ್ದೂ ಉಂಟು. ಈಗ ಅದನ್ನು ನೆನೆದರೆ ಮೈ ಕುಗ್ಗುತ್ತದೆ. ಅಪ್ಪ ತಂಗಿಯ ತಲೆಯ ಮೇಲಿನ ಮಂಕರಿ ಇಳಿಸಲಿಲ್ಲ. ಕೈ ತೊಳೆಯುವಷ್ಟು ಹೊತ್ತು ಕೊಟ್ಟ, ಅಷ್ಟೇ. ದೊಡ್ಡಮ್ಮಾವ್ರು ತೀರಿಕೊಂಡ ಮೇಲೆ ಅತ್ತೆ ಆ ಮನೆಯ ಯಜಮಾನಿಯಾದಳು, ಈಗಲೂ ಚೆನ್ನಾಗಿದ್ದಾಳೆ. ಅದರಲ್ಲಿ ನಮ್ಮದೇನೂ ಇಲ್ಲ. ಅಪ್ಪನಿಂದ ನನಗೆ ಬಂದ ಆಸ್ತಿಯೂ ಇದೇ. ಇವತ್ತಿಗೂ ಯಾರ ಮನೆಗೆ ಹೋದರೂ ಗೇಟಿನಲ್ಲೇ ಕೆಮ್ಮುತ್ತೇನೆ, ಕೂಗುತ್ತೇನೆ, ಚಪ್ಪಲಿ ಸದ್ದು ಮಾಡುತ್ತೇನೆ. ಏನನ್ನೂ ನೋಡಬೇಕಾಗಿ ಬರದಿರಲಿ ಅನ್ನುವ ಹೆದರಿಕೆಯನ್ನೇ ಎಲ್ಲರೂ ಸಂಸ್ಕಾರ ಅಂತ ಹೊಗಳುತ್ತಾರೆ.

ಕಡೂರಿನಲ್ಲಿ ಈಗ ನನಗೊಂದು ಕಾರಿದೆ. ಮಗಳು ಚೈತ್ರಳನ್ನು ಲಿಂಗದಹಳ್ಳಿಗೆ ಕೊಟ್ಟಿದ್ದೇವೆ. ಫೋನಿನಲ್ಲಿ ಯಾವಾಗ ಕೇಳಿದರೂ ಚೆನ್ನಾಗಿದ್ದೀನಮ್ಮ ಅನ್ನುತ್ತಾಳೆ. ನಾವು ಹೋದಾಗಲೆಲ್ಲ ಒಳ್ಳೆಯ ಸೀರೆ ಉಟ್ಟಿರುತ್ತಾಳೆ. ಈಚೆಗೆ ನನ್ನ ಕಾರಿನ ಮುಂಚಕ್ರದಲ್ಲಿ ‘ಕುಂಯ್’ ಅನ್ನುವುದು ಶುರುವಾದಾಗ ಯಜಮಾನರು ಗ್ಯಾರೇಜಿಗೆ ಬಿಡು ಅಂದರು. ನಾನೇ ಮಾಡುತ್ತೇನೆ ಅಂದೆ. “ಈ ವಯಸ್ಸಲ್ಲಿ ಕಾರಿನ ಕೆಳಗೆ ಮಲಗ್ತೀಯಾ, ಜನ ನಗ್ತಾರೆ,” ಅಂದರು. ನಗಲಿ ಅಂತ ಮನೆಯ ಮುಂದೆ, ಬೀದಿಗೆ ಕಾಣುವ ಹಾಗೆಯೇ ಜಾಕ್ ಹಾಕಿದೆ. ಉದ್ದನೆಯ ಬೋಲ್ಟು, ಪೈಪಿನ ತುಂಡು, ಸೋಪಿನ ನೀರು. ಹೊಸ ಬುಷ್ ಕೂರಿಸಿ, ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿದೆ. ಅದು ತನ್ನ ಭಾರ ತಾನು ಹೊತ್ತು ನಿಂತ ಮೇಲೆ ಕೆಳಗೆ ತೂರಿ ಬೋಲ್ಟು ಬಿಗಿದೆ.

ಮರುದಿನ ಯಾರಿಗೂ ಹೇಳದೆ ಲಿಂಗದಹಳ್ಳಿಗೆ ಹೊರಟೆ. ತರೀಕೆರೆ ದಾಟಿದರೂ ಕಾರು ಪಿಟಕ್ಕೆನ್ನಲಿಲ್ಲ. ಮಗಳ ಮನೆಯ ತಿರುವಿನಲ್ಲಿ ನನ್ನ ಕೈ ತಾನಾಗಿಯೇ ಹಾರ್ನಿನ ಮೇಲೆ ಹೋಯಿತು. ತೆಗೆದೆ. ಗೇಟಿನಲ್ಲಿ ಕೆಮ್ಮು ಗಂಟಲಿಗೆ ಬಂತು, ನುಂಗಿಕೊಂಡೆ. ಚಪ್ಪಲಿ ಬಿಟ್ಟು ಹಿಂಬಾಗಿಲಿಗೆ ಹೋಗಿ ನಿಂತೆ. ಚೈತ್ರ ಬೆಚ್ಚಿ ತಿರುಗಿದಳು.

“ಅಮ್ಮಾ? ಒಂದ್ ಫೋನ್ ಮಾಡ್ಬಾರ್ದಾ? ಹಾರ್ನಾದ್ರೂ ಹೊಡೀಬಾರ್ದಾ?”

ನಾನು ಅವಳ ಮುಖವನ್ನೂ ಇನ್ನೂ ನೋಡಿರಲಿಲ್ಲ. ಎರಡೂ ಕೈ ಹಿಡಿದು ಬೆಳಕಿಗೆ ತಿರುಗಿಸಿ, ಮೊದಲು ಅವಳ ಮೊಣಕೈ ನೋಡಿದೆ.